ಅವ್ವನ ಗೋಡೆಗೆ ಹಾಕಿಸಿದ ಪೈಪು

ಆಳಂದದ ದನದ ದವಾಖಾನೆಯಲ್ಲಿ ರೇವಣಪ್ಪ ಕಂಪೌಂಡರ್. ಊರವರು ಅವನನ್ನು ಡಾಕ್ಟರ್ ಅಂತಲೇ ಕರೆಯುತ್ತಿದ್ದರು. ಮೊದಮೊದಲು ಅವನು "ನಾ ಡಾಕ್ಟರ್ ಅಲ್ರಿ" ಅಂತ ತಿದ್ದುತ್ತಿದ್ದ. ಹದಿನೇಳು ವರ್ಷ ಒಂದೇ ತಪ್ಪನ್ನು ತಿದ್ದುತ್ತ ಕೂತರೆ ಯಾರಿಗಾದರೂ ಬೇಸರ ಬರುತ್ತದೆ, ಬಿಟ್ಟುಬಿಟ್ಟ. ಎಮ್ಮೆಗೆ ಹೊಟ್ಟೆ ಉಬ್ಬರಿಸಿದ್ದರೆ ಅದರ ಕಣ್ಣು ನೋಡಿಯೇ ಹೇಳುತ್ತಿದ್ದ. ಮನೆಯ ಮಂದಿಯ ಕಣ್ಣು ನೋಡಿ ಏನಾಗಿದೆ ಅಂತ ಹೇಳುವ ವಿದ್ಯೆ ಮಾತ್ರ ಅವನಿಗೆ ಒಲಿದಿರಲಿಲ್ಲ. ಎಮ್ಮೆಗಳು ಒಳಗೊಂದು ಹೊರಗೊಂದು ಇಟ್ಟುಕೊಳ್ಳುವುದಿಲ್ಲ ಅಂತ ಅವನು ಅದಕ್ಕೆ ಸಮಜಾಯಿಷಿ ಕೊಡುತ್ತಿದ್ದ.

ಎಂಬತ್ತಾರನೇ ಇಸವಿಯ ಉಗಾದಿಗೆ ಇನ್ನೂ ಒಂದು ತಿಂಗಳಿರುವಾಗ ಅವನ ತಾಯಿ ಸಾಬವ್ವ ಬಚ್ಚಲಲ್ಲಿ ಜಾರಿ ಬಿದ್ದಳು. ಶಹಾಬಾದಿನ ಫರಸಿ ಹಾಸಿದ ಬಚ್ಚಲು. ಒಣಗಿದ್ದಾಗ ಕಲ್ಲು, ನೀರು ಬಿದ್ದರೆ ಬೆಣ್ಣೆ. ದೇವರು ದೊಡ್ಡವನು, ಎಪ್ಪತ್ತೆರಡು ವಯಸ್ಸಿನ ಎಲುಬು ಮುರಿಯಲಿಲ್ಲ, ಟೊಂಕ ಬಾತುಕೊಂಡಿತು ಅಷ್ಟೇ. ಆದರೆ ಅಂದಿನಿಂದ ಕೂತವಳು ಏಳಬೇಕಾದರೆ ಒಂದು ಕಡೆ ಮಗ, ಒಂದು ಕಡೆ ಸೊಸೆ ಗುರಮ್ಮ, ನಡುವೆ ಮೂರು ಸಲ ಶಿವನ ಹೆಸರು ಬೇಕಾಗುತ್ತಿತ್ತು. ನೋಡಿದ ಡಾಕ್ಟರು, ಅಂದರೆ ಮನುಷ್ಯರ ಡಾಕ್ಟರು, ರೇವಣಪ್ಪನನ್ನು ಹೊರಗೆ ಕರೆದು, "ಬೀಳದಂಗ ನೋಡ್ಕೊಂಡ್ರ ಇನ್ನೂ ಹತ್ತ ವರ್ಷ ಏನೂ ಆಗಂಗಿಲ್ಲ. ಮನ್ಯಾಗ ಹಿಡ್ಕೊಳ್ಳಾಕ ಏನರೆ ಮಾಡಸ್ರಿ" ಅಂದರು.

ರೇವಣಪ್ಪ ವಿಚಾರ ಮಾಡುತ್ತ ಒಳಗೆ ಬಂದ. ವಿಚಾರ ಮಾಡುವಾಗ ಅವನ ಮುಖ ಹೆಣ ನೋಡಿ ಬಂದವರ ಹಾಗೆ ಆಗುತ್ತಿತ್ತು, ಅದು ಹುಟ್ಟಿನಿಂದ ಬಂದದ್ದು. "ಏನಂದ್ರೋ ಡಾಕ್ಟರ್?" ಅಂತ ಅವ್ವ ಕೇಳಿದಳು. "ಏನಿಲ್ಲ ಬಿಡವ್ವ" ಅಂದ.

ಸುದ್ದಿ ತಿಳಿದು ಅಫಜಲಪುರಕ್ಕೆ ಕೊಟ್ಟ ಅಕ್ಕ ಕಸ್ತೂರಿಬಾಯಿ ಬಂದಳು. ತಾಯಿಯ ಟೊಂಕ, ಬಚ್ಚಲು, ತಮ್ಮನ ಮುಖ ಮೂರನ್ನೂ ಕೂಲಂಕಷ ಪರೀಕ್ಷೆ ಮಾಡಿ ತೀರ್ಪು ಕೊಟ್ಟಳು. "ನೋಡು ರೇವಣ, ಇನ್ನೊಮ್ಮಿ ಅವ್ವ ಈ ಮನ್ಯಾಗ ಬಿದ್ಲು ಅಂದ್ರ ಅಕಿನ್ನ ನಾ ಅಫಜಲಪುರಕ್ಕ ಒಯ್ತೇನಿ. ನೀ ದನಾಕರಾ ನೋಡ್ಕೊಂಡಿರು."

ಅವ್ವ ಇಲ್ಲದ ಮನೆಯನ್ನು ರೇವಣಪ್ಪ ಒಂದು ದಿನವೂ ಕಂಡವನಲ್ಲ. ತನ್ನ ಅಂಗಿ ಎಲ್ಲಿದೆ ಎಂಬುದರಿಂದ ಹಿಡಿದು ತಾನು ಯಾರ ಮೇಲೆ ಸಿಟ್ಟಾಗಿರಬೇಕು ಎಂಬುದರವರೆಗೆ ಎಲ್ಲವೂ ಅವನಿಗೆ ಅವ್ವನಿಂದಲೇ ತಿಳಿಯಬೇಕಿತ್ತು. ಆ ವಾರ ಅವನಿಗೆ ರೊಟ್ಟಿ ರುಚಿಸಲಿಲ್ಲ.

ಉಪಾಯ ಹೊಳೆದದ್ದು ದವಾಖಾನೆಯಲ್ಲಿ. ಸೂಜಿ ಚುಚ್ಚುವಾಗ ದನ ಒದೆಯದಿರಲಿ ಅಂತ ಅಂಗಳದಲ್ಲಿ ಕಬ್ಬಿಣದ ಪೈಪಿನ ಚೌಕಟ್ಟು ನೆಟ್ಟಿದ್ದರು. ಹಿರೋಳ್ಳಿಯಿಂದ ತಂದ ಮುದಿ ಎತ್ತೊಂದು ಅದರೊಳಗೆ ಕುಸಿದು ಕೂತಿತು. ನಾಲ್ಕು ಜನ ಎತ್ತಿದರೂ ಏಳಲಿಲ್ಲ. ಆಮೇಲೆ ತಾನೇ ಕುತ್ತಿಗೆಯನ್ನು ಪೈಪಿನ ಮೇಲಿಟ್ಟು, ಒಂದು ಸಲ ಉಸಿರು ಬಿಟ್ಟು, ಎದ್ದು ನಿಂತಿತು. ರೇವಣಪ್ಪ ಸೂಜಿ ಕೈಯಲ್ಲಿ ಹಿಡಿದು ಹಾಗೇ ನಿಂತುಬಿಟ್ಟ.

ಆ ಚೌಕಟ್ಟು ಮಾಡಿದವನು ವೆಲ್ಡಿಂಗ್ ಅಂಗಡಿಯ ಲಾಡ್ಲೆಸಾಬ. ಸಂಜೆಯೇ ರೇವಣಪ್ಪ ಅವನ ಅಂಗಡಿಗೆ ಹೋದ. ಬಚ್ಚಲಿಗೊಂದು ಪೈಪು, ಹಿತ್ತಲಿಗೆ ಇಳಿಯುವ ಪಾವಟಿಗೆ ಅಗಲ ಮಾಡಿ ಅದಕ್ಕೊಂದು, ಮುಂಬಾಗಿಲ ಮೆಟ್ಟಿಲಿಗೊಂದು, ಪಡಸಾಲೆಯಲ್ಲಿ ಅವ್ವ ಕೂಡುವಲ್ಲಿ ಗೋಡೆಗೊಂದು ಅಂತ ಗೊತ್ತುಮಾಡಿದ.

"ಖರೆ ಬಾಯಿ ಬಿಡಬ್ಯಾಡೋ ಮಾರಾಯ. ಹಿಡ್ಕೊಳ್ಳಾಕ ಅಂತ ಮೊದಲೇ ಹೇಳಿದ್ರ, ನಾ ಏನ್ ಕುಂಟಿ ಆಗೀನಾ ಅಂತ ಜಗಳಾ ತಗೀತಾಳ. ಎತ್ತಿನ್ನ ನೋಡಿ ಹೊಳೀತು ಅಂತ ಗೊತ್ತಾದ್ರಂತೂ ನನ್ನ ಮನ್ಯಾಗ ಇರಗೊಡಂಗಿಲ್ಲ."

"ಅಲ್ಲಾನ ಆಣಿ, ಡಾಕ್ಟರಸಾಬ. ಬಾಯಿಗಿ ಕೀಲಿ ಹಾಕೀನಿ."

ಮರುದಿನ ಮಧ್ಯಾಹ್ನ ಅವ್ವ ಮಲಗಿದ್ದಾಗ ರೇವಣಪ್ಪ ಒಂದು ಸುತಳಿ ತಂದು ಅಳತೆ ತೆಗೆದುಕೊಂಡ. ಮೊದಲು ಮೊಳಕೈ, ಆಮೇಲೆ ಭುಜ, ಕೊನೆಗೆ ಹಿತ್ತಲ ಪಾವಟಿಗೆ ಎಷ್ಟು ಅಗಲ ಬೇಕೆಂದು ತಿಳಿಯಲು ಪಾದ. ಹಿಮ್ಮಡಿಯಿಂದ ಹೆಬ್ಬೆರಳ ತನಕ ಅಳೆದು ಸುತಳಿಗೆ ಗಂಟು ಹಾಕಿದ. ಅವ್ವನ ಕಣ್ಣರೆಪ್ಪೆ ಅದುರಿದ್ದು ಅವನಿಗೆ ಕಂಡಿತು. ನೊಣ ಕೂತಿರಬೇಕು ಅಂದುಕೊಂಡ.

ಬುಧವಾರ ರೇವಣಪ್ಪ ದವಾಖಾನೆಯಲ್ಲಿದ್ದಾಗ ಲಾಡ್ಲೆಸಾಬ ಗೋಡೆ ಕೊರೆದು, ಸಿಮೆಂಟು ತುಂಬಿ, ಪೈಪು ಕೂಡಿಸಿ, ಬೆಳ್ಳಿರಂಗು ಹಚ್ಚಿದ. ಸಂಜೆ ಬಂದು ನೋಡಿದರೆ ಪಡಸಾಲೆಯ ಪೈಪು ತಾನು ಗುರುತು ಹಾಕಿದ ಜಾಗದಲ್ಲಿರಲಿಲ್ಲ, ನಾಲ್ಕು ಮೊಳ ಬಲಕ್ಕೆ, ಬಾಗಿಲಿಗೆ ಎದುರಾಗಿ ಇತ್ತು.

"ಅವ್ವಾರೇ ಜಾಗಾ ತೋರ್ಸಿದ್ರು. ಭಾರ ತಡೀತದೇನು ಅಂತ ಕೇಳಿದ್ರು. ಎಮ್ಮಿ ಕಟ್ಟಿದ್ರೂ ಅಲ್ಲಾಡಂಗಿಲ್ಲ ಅಂದೆ" ಎಂದ ಲಾಡ್ಲೆಸಾಬ.

"ಮತ್ತೇನಂದ್ಲು?"

"ಕಣ್ಣಾಗ ನೀರು ತಂದು, ನನ್ನ ಮಗ ಬಂಗಾರ ಅಂದ್ರು."

ರೇವಣಪ್ಪನಿಗೆ ನೆಲ ಕಾಣಲಿಲ್ಲ. ಬಾಯಿಬಿಟ್ಟು ಹೇಳದೆಯೇ ಅವ್ವ ಎಲ್ಲ ತಿಳಿದುಕೊಂಡಿದ್ದಳು, ಅದೂ ಜಗಳವಿಲ್ಲದೆ. ಅವನು ಒಳಗೆ ಹೋಗಿ ಗಂಭೀರವಾಗಿ ಅಪ್ಪಣೆ ಕೊಟ್ಟ. "ಸಿಮೆಂಟ್ ಬಿಗೀಬೇಕು, ಯಾರೂ ಮುಟ್ಟಬ್ಯಾಡ್ರಿ. ಮೂರ ದಿನ ಅದ ಅವ್ವ. ಮೂರ ದಿನಕ್ಕ ಎಲ್ಲಾ ಆಗ್ತದ."

"ಮೂರ ದಿನ ಸಾಕಪ್ಪ" ಅಂದಳು ಅವ್ವ. ಇಷ್ಟು ಮೆತ್ತಗೆ ಅವಳು ಮಾತಾಡಿದ್ದನ್ನು ಅವನು ಅದುವರೆಗೆ ಕೇಳಿರಲಿಲ್ಲ.

ಗುರುವಾರ ಮುಂಜಾನೆ ರೇವಣಪ್ಪ ಚಹಾಕ್ಕೆಂದು ಅಡುಗೆಮನೆಗೆ ಹೋದರೆ ಗುರಮ್ಮ ಒಲೆಯ ಮುಂದೆ ಕೊರಡಿನ ಹಾಗೆ ನಿಂತಿದ್ದಳು. ಕೊರಳಲ್ಲಿ ಅವ್ವನ ಬೋರಮಾಳ. ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ಆ ಸರವನ್ನು ಮುಟ್ಟಿ ನೋಡುವ ಭಾಗ್ಯವೂ ಅವಳಿಗೆ ಸಿಕ್ಕಿರಲಿಲ್ಲ.

"ಅತ್ತೀನೇ ಹಾಕಿದ್ರು. ಹಾಕಿ, ನೀ ಅಡಗಿ ಛಲೋ ಮಾಡ್ತಿ ಅಂದ್ರು" ಎಂದಳು. "ನಂಗ್ಯಾಕೋ ಅಂಜಿಕಿ ಬರಾಕತ್ತದ್ರಿ."

ರೇವಣಪ್ಪನಿಗೂ ಅಂಜಿಕೆ ಬಂತು. ಬಿದ್ದಾಗ ತಲೆಗೆ ಪೆಟ್ಟಾಗಿತ್ತೋ ಏನೋ ಅಂತ ಹೋಗಿ ಅವ್ವನ ಕಣ್ಣರೆಪ್ಪೆ ಎತ್ತಿ ನೋಡಿದ. ಎಮ್ಮೆಯಾಗಿದ್ದರೆ ಆರೋಗ್ಯವಾಗಿದೆ ಅಂತ ಬರೆದುಕೊಡಬಹುದಾದಷ್ಟು ಶುಭ್ರವಾಗಿದ್ದವು.

ಶುಕ್ರವಾರ ದವಾಖಾನೆಯಲ್ಲಿ ಆಡುಗಳ ನಡುವೆ ದಾರಿ ಮಾಡಿಕೊಂಡು ಪಕ್ಕದ ಮನೆಯ ಸುಭದ್ರಾಬಾಯಿ ಬಂದಳು. ಸಾಬವ್ವನ ಓರಗೆಯವಳು, ನಲವತ್ತು ವರ್ಷದ ನೆರೆ. ಬಂದವಳು ಬಾಯಿಗೆ ಸೆರಗು ಹಿಡಿದು ಅವನ ಮುಂದೆ ನಿಂತಳು.

"ನಿಮ್ಮವ್ವಗ ಏನಾಗ್ಯದಪ್ಪಾ? ಮುಂಜಾನಿ ಕರ್ದು ಬಾಜೂಕ ಕೂಡ್ಸಿಕೊಂಡು, ಇಪ್ಪತ್ತ ವರ್ಷಾತು ಸುಭದ್ರಾ, ಉಗಾದಿಗಿ ನೀ ಕೊಡೋ ಹೋಳಿಗಿ ನಾ ನಾಯಿಗಿ ಹಾಕಾಕತ್ತೀನಿ ಅಂದ್ಲು. ನಾಯಿನೂ ಅರ್ಧಾ ಬಿಡ್ತದಂತ. ಇಷ್ಟ ಹೇಳಿ, ಮನಸ್ಸು ಹಗರಾತು, ಮಾಫ್ ಮಾಡು ಅಂತ ನನ್ನ ಕೈ ಹಿಡ್ಕೊಂಡ್ಲು."

"ನೀವೇನಂದ್ರಿ?"

"ಏನನ್ಲಿ? ಅಕಿ ಮಾರಿ ನೋಡಿದ್ರ ಬಯ್ಯಾಕ ಬಾಯೇ ಬರ್ಲಿಲ್ಲ."

ಅವಳು ಹೋಗುವಷ್ಟರಲ್ಲಿ ಓಣಿಯ ಭಜನಾ ಸಂಘದ ನಾಗಣ್ಣ ಬಂದ. ಮೂವತ್ತು ವರ್ಷದಿಂದ ಓಣಿಯ ಎಲ್ಲ ಕಾರ್ಯಕ್ಕೂ ಅವನೇ ಮುಂದೆ ಕೂತು ಹಾಡುವವನು. ಅವನ ಮುಖ ಬಿಳಿಚಿಕೊಂಡಿತ್ತು. "ಅವ್ವಾರು ಕರ್ದು, ನಾಗಣ್ಣ, ನನ್ನ ಕಾರ್ಯದಾಗ ನೀ ಹಾಡಬ್ಯಾಡ, ತಾಳ ಹಿಡಿ ಸಾಕು, ಹಾಡಾಕ ಜಿಡಗಾದ ಮಂದೀನ್ನ ಕರೀರಿ ಅಂದ್ರು. ಯಾವ ಕಾರ್ಯ ಅಂತ ಕೇಳಿದ್ರ, ಶನಿವಾರ ತಿಳೀತದ ಅಂದ್ರು."

ರೇವಣಪ್ಪನ ತಲೆಯಲ್ಲಿ ಆಗ ಬೆಳಕಾಯಿತು. ಬೆಳಕೇನೋ ಆಯಿತು, ಆದರೆ ಪಕ್ಕದ ಕೋಣೆಯಲ್ಲಿ ಆಯಿತು. ಅವ್ವ ಪೈಪುಗಳ ಉದ್ಘಾಟನೆ ಇಟ್ಟುಕೊಂಡಿದ್ದಾಳೆ ಅಂತ ಅವನಿಗೆ ಖಾತ್ರಿಯಾಯಿತು. ಸೊಸೆಗೆ ಬೋರಮಾಳ ಹಾಕಿದ್ದು ಅದಕ್ಕೇ, ನೆರೆಯವಳ ಜೊತೆ ಮನಸ್ಸು ತಿಳಿ ಮಾಡಿಕೊಂಡದ್ದೂ ಅದಕ್ಕೇ. ಆಳಂದದಲ್ಲಿ ಯಾವ ತಾಯಿಯೂ ಮಗನ ಕೆಲಸಕ್ಕೆ ಇಷ್ಟು ಮರ್ಯಾದೆ ಕೊಟ್ಟಿರಲಿಲ್ಲ.

"ಹೌದ್ರಿ ನಾಗಣ್ಣೋರ, ಕಾರ್ಯ ಅದ" ಅಂದ ಎದೆಯುಬ್ಬಿಸಿ. "ಶನಿವಾರ ಮಧ್ಯಾಹ್ನ. ಓಣಿ ಮಂದಿಗೆಲ್ಲ ಹೇಳ್ರಿ."

"ಶನಿವಾರ ಅಂತ ನಿಮಗೂ ಗೊತ್ತದೇನು?" ಅಂತ ನಾಗಣ್ಣ ಒಂದು ಹೆಜ್ಜೆ ಹಿಂದೆ ಸರಿದ.

"ನಾನೇ ಮಾಡಾಕತ್ತೀನಿ, ನನಗ ಗೊತ್ತಿರಲ್ದ?"

ನಾಗಣ್ಣ ಚಪ್ಪಲಿಯನ್ನೂ ಸರಿಯಾಗಿ ಮೆಟ್ಟದೆ ಹೊರಟುಹೋದ.

ಶನಿವಾರ ರೇವಣಪ್ಪ ಅರ್ಧ ದಿನ ರಜೆ ಹಾಕಿದ. ಪೈಪಿಗೆ ಹಾಕಲು ಆಳೆತ್ತರದ ಚೆಂಡುಹೂವಿನ ಹಾರ ಕಟ್ಟಿಸಿದ, ಬಂದವರಿಗೆ ಹಂಚಲು ಎರಡು ಕಿಲೋ ಪೇಡೆ ಕೊಂಡ. ಹಾರವನ್ನು ಹೆಗಲಿಗೆ ಹಾಕಿ, ಪೇಡೆಯ ಡಬ್ಬಿ ಎದೆಗೆ ಅವುಚಿ, ನಗುತ್ತ ಓಣಿಯೊಳಗೆ ಬಂದ. ಓಣಿಯ ಮಂದಿ ಎರಡೂ ಬದಿಗೆ ಗೋಡೆಗೆ ಅಂಟಿ ನಿಂತು ಅವನನ್ನು ನೋಡಿದರು. ಒಬ್ಬರೂ ನಮಸ್ಕಾರ ಅನ್ನಲಿಲ್ಲ.

ಮನೆಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಭಜನೆಯವರು ಕಟ್ಟೆಯ ಮೇಲೆ ಕೂತಿದ್ದರು, ನಾಗಣ್ಣನ ಕೈಯಲ್ಲಿ ತಾಳ ಮಾತ್ರ ಇತ್ತು. ಬಸ್ಸಿನ ಕಂಡಕ್ಟರನ ಕೈಯಲ್ಲಿ ಅವ್ವ ಹೇಳಿಕಳಿಸಿದ್ದಳಂತೆ, ಕಸ್ತೂರಿಬಾಯಿ ಅಫಜಲಪುರದಿಂದ ಬಂದು ಹೊಸ್ತಿಲ ಮೇಲೆ ಕೂತು ಎದೆ ಬಡಿದುಕೊಂಡು ಅಳುತ್ತಿದ್ದಳು. ಅಕ್ಕನಿಗೆ ತನ್ನ ಕೆಲಸ ಇಷ್ಟು ಮನಮುಟ್ಟಿತೇ ಅಂತ ರೇವಣಪ್ಪನ ಕಣ್ಣೂ ಒದ್ದೆಯಾಯಿತು.

"ಅಳಬ್ಯಾಡ ಅಕ್ಕ, ಇದು ಸಂತೋಷದ ದಿನ" ಅಂದ. "ಪೇಡೆ ತಗೋ."

ಕಸ್ತೂರಿಬಾಯಿಯ ಅಳು ಅರ್ಧಕ್ಕೇ ನಿಂತಿತು. ತೆರೆದ ಬಾಯಿ ತೆರೆದೇ ಇತ್ತು. ಅವಳು ಪೇಡೆ ನೋಡಿದಳು, ಹಾರ ನೋಡಿದಳು, ತಮ್ಮನ ಮುಖದ ನಗು ನೋಡಿದಳು. "ಸುಭದ್ರವ್ವ" ಅಂತ ಸಣ್ಣ ದನಿಯಲ್ಲಿ ಕರೆದಳು, "ನನ್ನ ಹಿಡ್ಕೋ, ನಾ ಬೀಳ್ತೇನಿ."

ರೇವಣಪ್ಪನ ನಗು ಆಗ ಇಳಿಯಿತು. ಮಂದಿಯನ್ನು ಸರಿಸಿ ಒಳಗೆ ಹೋದ. ಪಡಸಾಲೆಯಲ್ಲಿ ಅವ್ವ ಮಿಂದು, ಇಲಕಲ್ ಸೀರೆ ಉಟ್ಟು, ಹಣೆ ತುಂಬ ವಿಭೂತಿ ಧರಿಸಿ, ಬೆಳ್ಳಿರಂಗಿನ ಪೈಪಿನ ಕೆಳಗೆ ಚಕ್ಕಳಬಕ್ಕಳ ಹಾಕಿ ಕೂತಿದ್ದಳು. ಮಗನನ್ನು ನೋಡಿ ಶಾಂತವಾಗಿ ಮಾತಾಡಿದಳು.

"ಬಾರಪ್ಪಾ ರೇವಣ. ಹಾರಾನೂ ತಂದಿಯೇನು? ಛಲೋ ಆತು. ಡಾಕ್ಟರ್ ನಿನ್ನ ಹೊರಗ ಕರ್ದು ಹೇಳ್ದಾಗೇ ನನಗ ತಿಳೀತು. ನೀ ನನ್ನ ಪಾದ ಅಳೀವಾಗ ಎಚ್ಚರೇ ಇದ್ದೆ. ಇನ್ನ ಮೂರ ದಿನ ಅಂತ ನೀನೇ ಹೇಳ್ದಿ. ತಗ್ಗಿನ ಅಳತಿ ಮೊದಲೇ ತಗೊಂಡಿ, ಅವಸರಾಗಂಗಿಲ್ಲ. ನಿಮ್ಮಪ್ಪ ಹೋದಾಗ ಈ ಗ್ವಾಡಿಗಿ ಒಂದ ಗೂಟಾನೂ ಇರ್ಲಿಲ್ಲ. ಹಗ್ಗ ಎಲ್ಲದ, ಮೊಳಿ ಎಲ್ಲದ ಅಂತ ಓಣಿ ತುಂಬ ಓಡಾಡಿದ್ರು. ಜ್ವಾಳದ ಚೀಲ ಒತ್ತಿಟ್ಟು ಕೂಡ್ಸಿದ್ರ ಒಮ್ಮಿ ಎಡಕ್ಕ ವಾಲಿದ್ರು, ಒಮ್ಮಿ ಬಲಕ್ಕ ವಾಲಿದ್ರು. ನಾಕ ಮಂದಿ ನಕ್ಕರು. ನನಗ ಹಂಗಾಗಬಾರ್ದು ಅಂತ ಕಬ್ಬಿಣದ ಪೈಪ ಹಾಕ್ಸಿ, ಬೆಳ್ಳಿರಂಗ ಹಚ್ಚಸ್ದಿ. ಯಾವ ಮಗ ಮಾಡ್ತಾನ?"

ಅವರ ಮಂದಿಯಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಜೀವ ಹೋದೊಡನೆ ಗೋಡೆಗೆ ಒರಗಿಸಿ ಕೂಡಿಸುತ್ತಾರೆ, ವಾಲದಂತೆ ಬಟ್ಟೆಯಿಂದ ಗೋಡೆಯ ಗೂಟಕ್ಕೆ ಬಿಗಿಯುತ್ತಾರೆ, ಎದುರಿಗೆ ಭಜನೆ ನಡೆಯುತ್ತದೆ. ಮಣ್ಣಿನ ತಗ್ಗಿಗೂ ಸತ್ತವರ ಪಾದದ್ದೇ ಅಳತೆ. ಇದು ರೇವಣಪ್ಪನಿಗೆ ಗೊತ್ತಿಲ್ಲದ್ದೇನಲ್ಲ, ತನ್ನ ತಂದೆಯನ್ನು ಹಾಗೆ ಕೂಡಿಸಿದಾಗ ಚೀಲ ಹೊತ್ತವನೂ ಅವನೇ. ಆದರೆ ಸುತಳಿ ಹಿಡಿದಾಗ ಅವನ ತಲೆಯಲ್ಲಿದ್ದದ್ದು ಹಿರೋಳ್ಳಿಯ ಎತ್ತು. ಈಗ ಎಲ್ಲವೂ ಒಮ್ಮೆಲೇ ಅವನಿಗೆ ತಿಳಿಯಿತು.

"ಅವ್ವ, ಅದು ಹಿಡ್ಕೊಂಡು ಏಳಾಕ" ಅಂದ.

"ಯಾರು?"

"ನೀನು."

"ಯಾವಾಗ?"

"ದಿನಾ. ಕೂತಾಕಿ ಏಳೋ ಮುಂದ."

"ಸತ್ತ ಮ್ಯಾಲ ಹ್ಯಾಂಗ ಏಳ್ಲಿ?"

"ನೀ ಸಾಯಂಗಿಲ್ಲವ್ವ. ಬೀಳದಂಗ ನೋಡ್ಕೊಂಡ್ರ ಇನ್ನೂ ಹತ್ತ ವರ್ಷ ಏನೂ ಆಗಂಗಿಲ್ಲ ಅಂತ ಡಾಕ್ಟರ್ ಹೇಳ್ಯಾರ."

ಸಾಯುವವಳು ಬದುಕಿದಳು ಅಂದರೆ ಮಂದಿ ಕುಣಿಯಬೇಕಿತ್ತು, ಯಾರೂ ಕುಣಿಯಲಿಲ್ಲ. ಸಾಬವ್ವ ಮೊದಲು ಸುಭದ್ರಾಬಾಯಿಯನ್ನು ನೋಡಿದಳು. ಆಮೇಲೆ ಬಾಗಿಲಲ್ಲಿ ತಾಳ ಹಿಡಿದು ನಿಂತ ನಾಗಣ್ಣನನ್ನು ನೋಡಿದಳು. ಆಮೇಲೆ ಗುರಮ್ಮನ ಕೊರಳ ಬೋರಮಾಳ ನೋಡಿದಳು.

"ಹತ್ತ ವರ್ಷ?" ಅಂದಳು. ನ್ಯಾಯಾಧೀಶರ ಬಾಯಿಂದ ಶಿಕ್ಷೆ ಕೇಳಿದವಳ ಹಾಗೆ ಅಂದಳು.

ತನ್ನ ಮಿತ್ರನ ಮಾನ ಕಾಯಬೇಕೆಂದು ಲಾಡ್ಲೆಸಾಬ ಮುಂದೆ ಬಂದ. "ಖರೇನ್ರಿ ಅವ್ವಾ, ಎಬ್ಬಸಾಕೇ ಹಾಕಿದ್ದು. ದವಾಖಾನ್ಯಾಗ ಎಮ್ಮಿ ಚೌಕಟ್ಟಿಗಿ ಹಾಕಿ ಉಳಿದ ಪೈಪದು. ಹಿರೋಳ್ಳಿ ಎತ್ತು ಅದನ್ನ ಹಿಡ್ದೇ ಎದ್ದದ." ಇಷ್ಟು ದಿನ ಕಾಯ್ದ ಬಾಯಿಯ ಕೀಲಿ ಹೀಗೆ ತೆರೆಯಿತು. ರೇವಣಪ್ಪ ಕಣ್ಣು ಮುಚ್ಚಿಕೊಂಡ.

ಅವ್ವ ಬೈದಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು. ಅವಳು ಬಯ್ಯಲಿಲ್ಲ. "ಕಸ್ತೂರಿ, ಅಫಜಲಪುರದ ಬಸ್ ಎಷ್ಟಕ್ಕದ?" ಅಂತ ಕೇಳಿದಳು.

"ನಾಕಕ್ಕ."

"ನನ್ನ ಸೀರಿ ಗಂಟು ಕಟ್ಟು. ಸಾಯ್ತೇನಿ ಅನ್ನೋ ಧೈರ್ಯದ ಮ್ಯಾಲ ಎಲ್ಲಾರ ಮುಂದ ಖರೇ ಹೇಳಿಬಿಟ್ಟೀನಿ. ಹತ್ತ ವರ್ಷ ಈ ಓಣ್ಯಾಗ ಹ್ಯಾಂಗ ಮಾರಿ ತೋರಸ್ಲಿ?"

ರೇವಣಪ್ಪ ಹಾರದ ಸಮೇತ ನೆಲಕ್ಕೆ ಕೂತುಬಿಟ್ಟ. ಅವ್ವನನ್ನು ಉಳಿಸಿಕೊಳ್ಳಲು ಹಾಕಿಸಿದ ಪೈಪು ಅವ್ವನನ್ನು ಮನೆ ಬಿಡಿಸುತ್ತಿತ್ತು. "ಹೋಗಬ್ಯಾಡವ್ವ" ಅಂದ. ಕಸ್ತೂರಿಬಾಯಿ ಸೀರೆಗಳನ್ನು ಮಡಚತೊಡಗಿದಳು. ಗುರಮ್ಮ ಬೋರಮಾಳ ಬಿಚ್ಚಿ ಅತ್ತೆಯ ಮುಂದೆ ಇಟ್ಟಳು.

"ಇರ್ಲಿ, ಹಾಕ್ಕೋ" ಅಂದಳು ಅವ್ವ. "ಕೊಟ್ಟದ್ದು ತಿರುಗಿ ತಗೊಳ್ಳಂಗಿಲ್ಲ. ಅಡಗಿ ಮಾತು ಅಷ್ಟೇ ತಿರುಗಿ ತಗೊಂಡೀನಿ."

ಆಗ ಸುಭದ್ರಾಬಾಯಿ ಮಂದಿಯನ್ನು ಸರಿಸಿ ಎದುರಿಗೆ ಬಂದು ನಿಂತಳು. "ಎಲ್ಲಿಗಿ ಹೊಂಟಿ ಬೇ ಸಾಬವ್ವ? ಸಾಯೋರಿಗಿ ಬಯ್ಯಬಾರ್ದಂತ ಎರಡ ದಿನ ಹಲ್ಲು ಕಚ್ಕೊಂಡು ಸುಮ್ಮಿದ್ದೆ. ಈಗ ನೀ ಸಾಯಂಗಿಲ್ಲ. ನಂದೂ ಖರೇ ಒಂದದ, ಕೇಳ್ಕೊಂಡು ಹೋಗು. ನೀ ವರ್ಷಾ ಕೊಡ್ತೀಯಲ್ಲ ಶೇಂಗಾದ ಹಿಂಡಿ, ಅದನ್ನ ನಾ ನಾಯಿಗೂ ಹಾಕಿಲ್ಲ. ಪಾಪ ಮೂಕ ಪ್ರಾಣಿ ಏನ್ ಮಾಡ್ಯದ ಅಂತ ತಿಪ್ಪಿಗಿ ಚೆಲ್ಲೀನಿ."

ಸಾಬವ್ವನ ಶೇಂಗಾ ಹಿಂಡಿ, ಅಂದರೆ ಅವಳು ಕುಟ್ಟುವ ಚಟ್ನಿಪುಡಿ, ಸರಸಂಬಾದ ಬೀಗರು ಡಬ್ಬಿ ತಂದು ಒಯ್ಯುತ್ತಿದ್ದ ಪದಾರ್ಥ. ಗಂಡ ಸತ್ತಾಗಲೂ ಅವಳ ಮುಖ ಹೀಗೆ ಕೆಂಪಾಗಿರಲಿಲ್ಲ. ಅವಳ ಬಲಗೈ ತಾನಾಗಿ ಮೇಲೆ ಹೋಗಿ ಪೈಪು ಹುಡುಕಿ ಹಿಡಿಯಿತು. ಎಡಗೈಯೂ ಹೋಯಿತು. ಶಿವನ ಹೆಸರಿಲ್ಲ, ಮಗ ಇಲ್ಲ, ಸೊಸೆ ಇಲ್ಲ. ಒಂದೇ ಜಗ್ಗಿಗೆ ಸಾಬವ್ವ ಎದ್ದು ನೆಟ್ಟಗೆ ನಿಂತಳು.

"ನನ್ನ ಹಿಂಡಿ ತಿಪ್ಪಿಗಾ?" ಅಂದಳು.

ಮಂದಿ ದಂಗಾಗಿ ಹಿಂದೆ ಸರಿದರು. ಹೆಣವಾಗಬೇಕಾದವಳು ಹೀಗೆ ಎದ್ದದ್ದನ್ನು ಆಳಂದ ಕಂಡಿರಲಿಲ್ಲ. ಕಸ್ತೂರಿಬಾಯಿಯ ಕೈಯಿಂದ ಸೀರೆಯ ಗಂಟು ಜಾರಿತು. ಸಾಬವ್ವ ಒಂದು ಕೈಯಿಂದ ಪೈಪು ಹಿಡಿದು ಇನ್ನೊಂದು ಕೈ ಬೀಸುತ್ತ ಇಪ್ಪತ್ತು ವರ್ಷದ ಹೋಳಿಗೆಯಿಂದ ಸುರುಮಾಡಿದಳು, ಸುಭದ್ರಾಬಾಯಿ ನಲವತ್ತು ವರ್ಷದ ಹಿಂಡಿಯಿಂದ ಉತ್ತರ ಕೊಟ್ಟಳು. ನಡುವೆ ನಾಗಣ್ಣ, "ಅವ್ವಾರ, ನನ್ನ ರಾಗದ ಬಗ್ಗಿ" ಅಂತ ಬಾಯಿ ತೆಗೆದ. "ನಿಂದು ಆಮ್ಯಾಲ, ಸರತಿ ಹಚ್ಚು" ಅಂದಳು ಸಾಬವ್ವ. ನಾಲ್ಕಕ್ಕೆ ಅಫಜಲಪುರದ ಬಸ್ಸು ಹೋಯಿತು, ಅದರ ನೆನಪು ಯಾರಿಗೂ ಇರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಇಬ್ಬರ ಗಂಟಲೂ ಕೂತಿತು. ಸುಭದ್ರಾಬಾಯಿ ಪೇಡೆಯ ಡಬ್ಬಿ ತೆರೆದು ತಾನೊಂದು ತಿಂದು ಸಾಬವ್ವನಿಗೊಂದು ಕೊಟ್ಟು, ನಾಳೆ ಮುಂಜಾನೆ ಉಳಿದದ್ದು ಹೇಳುತ್ತೇನೆ ಅಂತ ಮನೆಗೆ ಹೋದಳು. ನಾಳೆ ಮುಂಜಾನೆ ಅವ್ವ ಈ ಮನೆಯಲ್ಲೇ ಇರುತ್ತಾಳೆ ಅಂತ ರೇವಣಪ್ಪನಿಗೆ ಆಗ ಧೈರ್ಯ ಬಂತು. ಕಸ್ತೂರಿಬಾಯಿ ಪೈಪನ್ನು ಎರಡು ಸಲ ಜಗ್ಗಿ ನೋಡಿ, ಸೀರೆಗಳನ್ನು ತಿರುಗಿ ಟ್ರಂಕಿಗೆ ಇಟ್ಟಳು.

ಎಲ್ಲರೂ ಹೋದ ಮೇಲೆ ಅವ್ವ ಪೈಪು ಹಿಡಿದು ನಿಧಾನಕ್ಕೆ ಕೆಳಗೆ ಕೂತಳು. ರೇವಣಪ್ಪ ಹತ್ತಿರ ಬಂದು ತಲೆ ತಗ್ಗಿಸಿ ನಿಂತ. "ತಪ್ಪಾತವ್ವ. ನಾಳಿಗಿ ಲಾಡ್ಲೆಸಾಬನ ಕರ್ಸಿ ಇದನ್ನ ಇಲ್ಲಿಂದ ಕಿತ್ತು, ಎಡಕ್ಕ ಹಾಕಸ್ತೀನಿ. ಅಪ್ಪನ್ನ ಕೂಡ್ಸಿದ ಜಾಗಾ ನಮಗ ಬ್ಯಾಡ."

"ಅಲ್ಲೇ ಇರ್ಲಿ" ಅಂದಳು ಅವ್ವ. ಪೈಪಿನ ಮೇಲೆ ಅಂಗೈ ಆಡಿಸಿದಳು. "ನಾ ಇರೋತನ ಇದನ್ನ ಹಿಡ್ಕೊಂಡು ಏಳ್ತೇನಿ. ನಾ ಏಳಲ್ದ ದಿನಾ ನೀ ಹಗ್ಗಕ್ಕ ಓಡಾಡಬ್ಯಾಡ."

ರೇವಣಪ್ಪ ಅವ್ವನ ಪಕ್ಕದಲ್ಲಿ ಗೋಡೆಗೆ ಒರಗಿ ಕೂತ. ಗುರಮ್ಮ ಊಟಕ್ಕೆ ಕರೆದಾಗ ಅವ್ವ ಪೈಪು ಹಿಡಿದು ತಾನೇ ಎದ್ದಳು. ಅವನು ಮಾತ್ರ ಬಹಳ ಹೊತ್ತು ಏಳಲಿಲ್ಲ.